ತೊಟ್ಟಿಯಲ್ಲಿ ಮಲಗಿದವಳ ಹಾಜರಿ

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಥೆಲ್ಮಾ ಬೋರಿಲ್ ಸತ್ತಳು. ತಿಂಗಳ ಮೊದಲ ಶನಿವಾರ ಅವಳು ಸಾಯುವುದು ಇದೇ ಹೊತ್ತಿಗೆ. ಒಲೆಯೊಳಗೆ ಮಾಂಸದ ಪೈ ಇಟ್ಟು, ಎಂಟು ಜನಕ್ಕಾಗುವಷ್ಟು ಕಪ್ಪುಗಳನ್ನು ಜೋಡಿಸಿ, ಮಹಡಿಗೆ ಹೋಗಿ ಈಜುಡುಗೆ ತೊಟ್ಟು, ಮೇಲೊಂದು ಹಳೆಯ ಗೌನು ಸುತ್ತಿಕೊಂಡು ಗ್ಯಾರೇಜಿಗೆ ಬಂದು ಸಾಯುತ್ತಿದ್ದಳು.

ಗ್ಯಾರೇಜಿನ ನಡುವೆ ಮಡಚಿಡಬಹುದಾದ ನೀಲಿ ರಬ್ಬರಿನ ತೊಟ್ಟಿ. ಅದರಲ್ಲಿ ಮೊಣಕೈ ಮುಳುಗುವಷ್ಟು ನಲ್ಲಿ ನೀರು. ಸುತ್ತ ನಿಂತವರು ಲೀಡ್ಸ್, ಹಲ್, ಶೆಫೀಲ್ಡಿನಿಂದ ಬಂದ ಸ್ವಯಂಸೇವಕರು. ತಮ್ಮ ಸದಸ್ಯರಲ್ಲಿ ಯಾರಾದರೂ ತೀರಿಕೊಂಡರೆ, ವೈದ್ಯರೋ ನರ್ಸೋ ಸಾವನ್ನು ಖಚಿತಪಡಿಸಿದ ಮರುಗಳಿಗೆಯೇ ದೇಹವನ್ನು ಮಂಜುಗಡ್ಡೆಯ ನೀರಿಗೆ ಇಳಿಸಿ, ಎದೆ ಒತ್ತುವ ಯಂತ್ರ ಕಟ್ಟಿ, ರಕ್ತ ಹರಿಸುತ್ತ ತಣ್ಣಗೆ ಮಾಡಬೇಕು. ಆಮೇಲೆ ದೇಹ ದೂರದ ಉಗ್ರಾಣಕ್ಕೆ ಹೋಗಿ, ಮುಂದೆಂದಾದರೂ ವೈದ್ಯಶಾಸ್ತ್ರ ಬಂದು ಎಬ್ಬಿಸೀತೆಂದು ಕಾದಿರುತ್ತದೆ. ಮೊದಲ ಅರ್ಧ ಗಂಟೆ ಕೆಟ್ಟರೆ ಮುಂದಿನದೆಲ್ಲ ಕೆಟ್ಟಂತೆ. ಆ ಅರ್ಧ ಗಂಟೆಯ ಅಭ್ಯಾಸ ನಡೆಯುತ್ತಿದ್ದದ್ದು ಇಂಗ್ಲೆಂಡಿನ ಪೂರ್ವ ಕರಾವಳಿಯ ಕ್ಲೀಥೋರ್ಪ್ಸ್‌ನ ಈ ಗ್ಯಾರೇಜಿನಲ್ಲಿ. ತಂಡದ ಮುಖ್ಯಸ್ಥ ಥೆಲ್ಮಾಳ ಗಂಡ ರೇಮಂಡ್, ಟೆಲಿಫೋನ್ ಇಲಾಖೆಯ ನಿವೃತ್ತ ಎಂಜಿನಿಯರು.

ಮೊದಮೊದಲು ಪ್ಲಾಸ್ಟಿಕ್ ಗೊಂಬೆ ಇತ್ತು. ಗೊಂಬೆಗೆ ತೂಕವಿಲ್ಲ, ಎತ್ತುವ ಅಭ್ಯಾಸವಾಗುವುದಿಲ್ಲ ಎಂದು ಆರು ವರ್ಷದ ಹಿಂದೆ ರೇಮಂಡ್ ತಕರಾರು ತೆಗೆದ. "ನೀನು ಸುಮ್ನೆ ಮಲಗಿದ್ರೆ ಸಾಕು ಥೆಲ್ಮಾ, ಏನೂ ಮಾಡೋದು ಬೇಡ" ಎಂದ. ನಲವತ್ತೆರಡು ವರ್ಷದ ಸಂಸಾರದಲ್ಲಿ ಗಂಡ ತನಗೆ ಏನೂ ಮಾಡಬೇಡ ಎಂದದ್ದು ಅದೇ ಮೊದಲು. ಆ ಬೆರಗಿನಲ್ಲೇ ಅವಳು ಒಪ್ಪಿಬಿಟ್ಟಿದ್ದಳು.

"ಬಟಾಣಿ ಇಡ್ರಪ್ಪಾ" ಎಂದ ರೇಮಂಡ್.

ಬದುಕಿರುವವರನ್ನು ನಿಜವಾದ ಮಂಜುಗಡ್ಡೆಯಲ್ಲಿ ಮಲಗಿಸುವ ಹಾಗಿಲ್ಲವಲ್ಲ, ಅದಕ್ಕೆ ಅಭ್ಯಾಸದ ದಿನ ಫ್ರೀಜರಿನ ಬಟಾಣಿ ಪೊಟ್ಟಣಗಳು. ಕತ್ತಿನ ಎರಡು ಬದಿಗೆ, ಕಂಕುಳಿಗೆ, ತೊಡೆಸಂದಿಗೆ. ಲೀಡ್ಸಿನ ಗ್ಯಾರೆತ್ ತಲೆಯ ಕಡೆ ನಿಂತಿದ್ದ. ಕಂಪ್ಯೂಟರು ಕೆಲಸದವನು, ಏನು ಮಾಡಿದರೂ ವಿವರಣೆ ಕೊಡುತ್ತ ಮಾಡುವವನು. ಅವನಿಟ್ಟ ಪೊಟ್ಟಣ ತೇಲಿ ಥೆಲ್ಮಾಳ ಕಿವಿಯ ಹತ್ತಿರ ಬಂತು. ಹಿಂಗತ್ತು ಬೆಚ್ಚಗೇ ಉಳಿಯಿತು.

"ಕತ್ತಿಂದು ಜಾರಿದೆ" ಎಂದಳು ಥೆಲ್ಮಾ.

"ಹೆಣ ಮಾತಾಡ್ಬಾರ್ದು" ಎಂದ ಗ್ಯಾರೆತ್. ಎಲ್ಲರೂ ನಕ್ಕರು.

"ಹೋದ ತಿಂಗಳೂ ಜಾರಿತ್ತು. ಅದರ ಹಿಂದಿನ ತಿಂಗಳೂ. ನೀವು ತಣ್ಣಗೆ ಮಾಡಬೇಕಾಗಿರೋದು ತಲೆ ತಾನೆ? ರಕ್ತ ತಲೆಗೆ ಹೋಗೋದು ಕತ್ತಿನ ಮೂಲಕಾನೇ ಅಲ್ವಾ?"

"ಥೆಲ್ಮಾ," ರೇಮಂಡ್ ಗಡಿಯಾರ ನೋಡುತ್ತ ಹೇಳಿದ, "ಹೊತ್ತು ಅಳೀತಾ ಇದೀನಿ. ಆಮೇಲೆ ಹೇಳು."

ಆಮೇಲೆ ಎಂಬುದು ಬರಲಿಲ್ಲ. ಆಮೇಲೆ ಅವಳು ಒದ್ದೆ ಮೈ ಒರೆಸಿಕೊಂಡು ಪೈ ಇಳಿಸಬೇಕಿತ್ತು. ತಂಡದವರು ಅಡುಗೆಮನೆಯ ಮೇಜಿನ ಸುತ್ತ ಕೂತು, ಎಲ್ಲಿ ಎಷ್ಟು ಸೆಕೆಂಡು ಉಳಿಯಿತೆಂದು ಮಾತಾಡುತ್ತ ತಿಂದರು. ತೊಟ್ಟಿ ಬರಿದು ಮಾಡಿ, ಹದಿನಾಲ್ಕು ಟವೆಲು ಯಂತ್ರಕ್ಕೆ ಹಾಕಿ, ಬಟಾಣಿಯನ್ನು ವಾಪಸು ಫ್ರೀಜರಿಗೆ ತುಂಬಿದವಳು ಥೆಲ್ಮಾ. ಗ್ಯಾರೇಜಿನ ಆ ದೊಡ್ಡ ಫ್ರೀಜರು ಮೊದಲು ಅವಳದಾಗಿತ್ತು. ಈಗ ಅದರ ತುಂಬ ಅವಳೇ ಡಬ್ಬಿ ಡಬ್ಬಿಯಲ್ಲಿ ನೀರಿಟ್ಟು ಕಟ್ಟಿದ ಮಂಜುಗಡ್ಡೆ. ಅವಳ ಮೀನಿಗೆ ಒಂದು ಮೂಲೆ. ತಂಡದ ಕೆಲಸದ ಪಟ್ಟಿಯಲ್ಲಿ ತೊಂಬತ್ತು ಸಾಲುಗಳಿದ್ದವು. ಯಾವ ಸೂಜಿ ಯಾವ ಪೆಟ್ಟಿಗೆಯಲ್ಲಿ, ಯಾವ ಕೊಳವೆ ಯಾವ ತೂತಿಗೆ ಎಂಬುದೆಲ್ಲ ಇತ್ತು. ಮಂಜುಗಡ್ಡೆ ಯಾರು ಕಟ್ಟಬೇಕು, ಟವೆಲು ಯಾರು ತರಬೇಕು ಎಂಬ ಸಾಲು ಇರಲಿಲ್ಲ. ಬಾಗಿಲು ತೆರೆದರೆ ಮಂಜುಗಡ್ಡೆ ಇರುತ್ತಿತ್ತು. ಕೈ ಚಾಚಿದರೆ ಟವೆಲಿರುತ್ತಿತ್ತು. ಬೆಳಗಾದರೆ ಬೆಳಕಾಗುವ ಹಾಗೆ.

ರೇಮಂಡ್ ತನ್ನ ದೇಹವನ್ನೂ ಹೀಗೆ ಕಾದಿರಿಸಲು ಬರೆದುಕೊಟ್ಟಿದ್ದ. ಥೆಲ್ಮಾ ಬರೆದುಕೊಟ್ಟಿರಲಿಲ್ಲ. ಯಾಕೆಂದು ಒಮ್ಮೆ ಹಲ್‌ನ ನಾರ್ಮನ್ ಕೇಳಿದ್ದ. ಆತ ಔಷಧದಂಗಡಿ ನಡೆಸಿ ನಿವೃತ್ತನಾದ ಮೆದು ಮನುಷ್ಯ.

"ಇನ್ನೂರು ವರ್ಷ ಆದ್ಮೇಲೆ ಎದ್ದು ಮತ್ತೆ ಇವನಿಗೆ ಟೀ ಮಾಡಕ್ಕಾ?" ಎಂದಿದ್ದಳು ಥೆಲ್ಮಾ.

ನಾರ್ಮನ್ ಅದನ್ನು ತಮಾಷೆ ಎಂದುಕೊಂಡ.

ಅವಳಿಗೆ ಮಂಜುಗಡ್ಡೆ ಹೊಸದಲ್ಲ. ಹದಿನೈದು ತುಂಬಿದ ವಾರವೇ ಗ್ರಿಮ್ಸ್‌ಬಿ ಬಂದರಿನ ಮೀನಿನ ಮನೆಗೆ ಕೆಲಸಕ್ಕೆ ಸೇರಿದವಳು. ಬಿಳಿ ಗಮ್‌ಬೂಟು, ರಬ್ಬರಿನ ಏಪ್ರನ್ನು, ಬೆಳಿಗ್ಗೆ ಆರರಿಂದ ತಣ್ಣೀರಿನಲ್ಲಿ ಕೈ. ಮೂವತ್ತೊಂದು ವರ್ಷ ಹ್ಯಾಡಕ್ ಮೀನು ಸೀಳಿ, ಪೆಟ್ಟಿಗೆಗೆ ಮಂಜು ಹಾಸಿ, ಮೀನಿಟ್ಟು, ಮೇಲೆ ಮಂಜು ಮುಚ್ಚಿದ ಕೈಗಳು. ಚಳಿಗಾಲದಲ್ಲಿ ಈಗಲೂ ಬೆರಳ ತುದಿಗಳು ಬಿಳಿಚಿಕೊಳ್ಳುತ್ತವೆ.

ಅವಳನ್ನು ಶಾಲೆ ಬಿಡಿಸಬೇಡಿ ಎಂದು ಮನೆಗೆ ಬಂದು ಕೇಳಿದವರು ಒಬ್ಬರೇ. ಭೂಗೋಳದ ಟೀಚರು ಮಿಸ್ ಆಪಲ್‌ಯಾರ್ಡ್. ಆಗ ಅವರಿಗೆ ಮೂವತ್ತೈದೂ ಆಗಿರಲಿಲ್ಲ. ಥೆಲ್ಮಾಳ ಅಪ್ಪ ಅವರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, "ಹುಡುಗಿಗೆ ಆಫ್ರಿಕಾದ ನದಿಗಳಿಂದ ಏನಾಗ್ಬೇಕು ಮಿಸ್?" ಎಂದು ಕಳಿಸಿದ್ದ. ಅಮ್ಮ ಒಳಗೆ ಒಗೆಯುತ್ತಿದ್ದಳು, ತಲೆ ಎತ್ತಿರಲಿಲ್ಲ.

ಐದು ವರ್ಷದ ಹಿಂದೆ ಇದೇ ಗ್ಯಾರೇಜಿಗೆ ಹೊಸ ಸದಸ್ಯೆಯಾಗಿ ಕೋಲೂರಿಕೊಂಡು ಬಂದ ಮುದುಕಿಯನ್ನು ಕಂಡು, ತೊಟ್ಟಿಯಲ್ಲಿ ಮಲಗಿದ್ದ ಥೆಲ್ಮಾ ದಡಕ್ಕನೆ ಎದ್ದು ಕೂತಿದ್ದಳು. "ಮಿಸ್!"

"ಮಲಗು ಥೆಲ್ಮಾ," ಎಂದಿದ್ದರು ಮಿಸ್ ಆಪಲ್‌ಯಾರ್ಡ್, ಅರ್ಧ ಶತಮಾನದ ನಂತರ ಹೆಸರು ಮರೆಯದೆ. "ಪಾಠ ಮುಗೀಲಿ."

ಈಗ ಮಿಸ್‌ಗೆ ಎಂಬತ್ತೇಳು. ಹೊಟ್ಟೆಯ ಕ್ಯಾನ್ಸರು. ಊರ ಹೊರಗಿನ, ಕೊನೆಗಾಲದವರನ್ನು ನೋಡಿಕೊಳ್ಳುವ ಆರೈಕೆ ಮನೆಗೆ ಬಂದು ಮೂರು ವಾರವಾಗಿತ್ತು. ಅವರಿಗೆ ಹತ್ತಿರದವರೆಂದು ಯಾರೂ ಇರಲಿಲ್ಲ. ಗುರುವಾರ ಗುರುವಾರ ಥೆಲ್ಮಾ ಎರಡು ಬಸ್ಸು ಹಿಡಿದು ಹೋಗಿ, ಅವರ ರಾತ್ರಿ ಅಂಗಿಗಳನ್ನು ಒಗೆಯಲು ತಂದು, ಒಗೆದದ್ದನ್ನು ಕೊಟ್ಟು ಬರುತ್ತಿದ್ದಳು.

ಆ ಗುರುವಾರ ಮಿಸ್ ದಿಂಬಿಗೊರಗಿ ಕೂತಿದ್ದರು. ಮೈ ಕರಗಿ ಹೋಗಿದ್ದರೂ ದನಿ ಮಾತ್ರ ಕೊನೆಯ ಬೆಂಚಿಗೂ ಕೇಳುವಂಥದ್ದು.

"ನಿನ್ನನ್ನೊಂದು ಕೇಳ್ಬೇಕು. ನಗ್ಬಾರ್ದು."

"ನಗೋ ಮನಸ್ಸಿದ್ರೆ ತಾನೆ ಮಿಸ್."

"ಆ ಗ್ಯಾರೇಜಿನ ಗಂಡಸರೆಲ್ಲ ಒಳ್ಳೆಯವರೇ. ಆದ್ರೆ ಐದು ವರ್ಷದಿಂದ ನೋಡ್ತಾ ಇದೀನಿ, ಕತ್ತಿನ ಹತ್ರ ಐಸು ನಿಲ್ಲಿಸಕ್ಕೆ ಒಬ್ಬನಿಗೂ ಬರಲ್ಲ. ಪ್ರತಿ ಸಲ ನೀನು ಹೇಳ್ತೀಯ, ಪ್ರತಿ ಸಲ ನಗ್ತಾರೆ. ನನ್ನ ಹೊತ್ತು ಬಂದಾಗ ತಲೆ ಹತ್ರ ನೀನಿರ್ಬೇಕು."

ಥೆಲ್ಮಾ ಮಡಚುತ್ತಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟಳು. "ಇದೆಲ್ಲ ಆಗುತ್ತೆ ಅಂತ ನಿಮಗೆ ನಂಬಿಕೆ ಇದೆಯಾ ಮಿಸ್? ಮತ್ತೆ ಎಬ್ಬಿಸ್ತಾರೆ ಅಂತ?"

"ನೂರಕ್ಕೆ ಒಂದು ಪಾಲು. ಅಷ್ಟೂ ಇಲ್ವೇನೋ. ಆದ್ರೆ ಕರಾವಳಿ ಹೇಗೆ ಬದಲಾಗುತ್ತೆ ಅಂತ ನಲವತ್ತು ವರ್ಷ ಪಾಠ ಮಾಡಿದೀನಿ. ಈ ಸಮುದ್ರ ಎಲ್ಲಿವರೆಗೂ ಬರುತ್ತೆ ಅಂತ ನೋಡ್ಬೇಕು ಅನ್ಸುತ್ತೆ. ನನ್ನಾಸೆ, ನನ್ನ ಮೈ. ಯಾರ ಅಪ್ಪಣೆನೂ ಬೇಡ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ನಿನ್ನ ಹೆಸರನ್ನ ಹಾಜರಿ ಪುಸ್ತಕದಿಂದ ಹೊಡೆದವಳು ನಾನೇ, ಗೊತ್ತಾ? ಹೆಡ್‌ಮಾಸ್ಟರು ಹೇಳಿದ್ರು, ಹೊಡೆದೆ. ಕೆಂಪು ಶಾಯಿ. ಇವತ್ತಿಗೂ ಚುಚ್ಚುತ್ತೆ."

"ಬರ್ತೀನಿ ಮಿಸ್," ಎಂದಳು ಥೆಲ್ಮಾ. "ಮಾತು ಕೊಟ್ಟಿದೀನಿ ಅಂತಿಟ್ಕೊಳಿ."

ಹೊರಬರುವಾಗ ಮುಖ್ಯ ನರ್ಸು ತಡೆದು ಹೇಳಿದಳು. ಆ ಹೊತ್ತಿನಲ್ಲಿ ಕೋಣೆಯೊಳಗೆ ನಾಲ್ಕೇ ಜನಕ್ಕೆ ಪ್ರವೇಶ. ತರಬೇತಿ ಮುಗಿಸಿದವರೇ ಆಗಿರಬೇಕು. ಹೆಸರುಗಳು ತಂಡದ ಮುಖ್ಯಸ್ಥರ ಸಹಿಯೊಂದಿಗೆ ಮೊದಲೇ ಬಂದಿರಬೇಕು.

ಸಂಜೆ ಐದೂವರೆಗೆ ಊಟದ ಮೇಜಿನಲ್ಲಿ ಥೆಲ್ಮಾ ವಿಷಯ ತೆಗೆದಳು. ರೇಮಂಡ್ ಆಲೂಗಡ್ಡೆಗೆ ಬೆಣ್ಣೆ ಸವರುತ್ತಿದ್ದ.

"ಆಗಲ್ಲ ಕಣೇ. ನಿನಗೆ ಪ್ರಮಾಣಪತ್ರ ಇಲ್ಲ."

"ಕೊಡು."

"ಕೊಡೋದಂದ್ರೇನು? ಎಂಟು ತರಬೇತಿಗಾದ್ರೂ ಹಾಜರಿ ಇರ್ಬೇಕು. ನಿನ್ನ ಹೆಸರು ಪುಸ್ತಕದಲ್ಲಿ ಒಂದ್ಸಲನೂ ಇಲ್ಲ."

ಅವಳು ಎದ್ದು ಕಪಾಟಿನಿಂದ ಹಾಜರಿ ಪುಸ್ತಕ ತಂದಳು. ಆರು ವರ್ಷ, ಅರವತ್ತೊಂದು ಶನಿವಾರ. ರೇಮಂಡ್, ನಾರ್ಮನ್, ಗ್ಯಾರೆತ್, ಬಂದು ಹೋದವರು, ಒಂದೇ ಸಲ ಬಂದು ಪೈ ತಿಂದು ಮತ್ತೆ ಮುಖ ತೋರಿಸದವರು. ಬೋರಿಲ್ ಎಂಬುದರ ಮುಂದೆ ಎಲ್ಲ ಕಡೆ ರೇಮಂಡ್‌ನ ಆರ್ ಎಂಬ ಅಕ್ಷರ.

"ಇದರಲ್ಲಿ ನಾನಿಲ್ಲ."

"ಅದನ್ನೇ ಹೇಳ್ದೆ."

"ಹಾಗಾದ್ರೆ ಆರು ವರ್ಷ ನಾನೆಲ್ಲಿದ್ದೆ ರೇಮಂಡ್?"

"ಎಲ್ಲಿದ್ದೆ ಅಂದ್ರೆ..." ಅವನಿಗೆ ಪ್ರಶ್ನೆಯ ಅರ್ಥವೇ ಹೊಳೆಯಲಿಲ್ಲ. "ತೊಟ್ಟಿಯಲ್ಲಿದ್ದೆ."

ಅವಳು ಅವನ ಮುಖ ನೋಡಿದಳು. ಅಲ್ಲಿ ಕುಹಕವಿರಲಿಲ್ಲ. ಕುಹಕವಾದರೂ ಇದ್ದಿದ್ದರೆ ಜಗಳಕ್ಕೆ ಹಿಡಿಯಾಗುತ್ತಿತ್ತು. ಕುರ್ಚಿ ಎಲ್ಲಿತ್ತು ಎಂದರೆ ಮೂಲೆಯಲ್ಲಿತ್ತು ಎನ್ನುವಷ್ಟೇ ಸರಳವಾಗಿ ಹೇಳಿದ್ದ. ಥೆಲ್ಮಾಳ ಎದೆಯಿಂದ ಕಿವಿಯ ತನಕ ಬಿಸಿ ಏರಿತು. ಮೀನಿನ ಮನೆಯಲ್ಲಿ ಹೆಂಗಸರ ಬೆರಳು ಹೋದಾಗ ಮೇಸ್ತ್ರಿ "ಮೀನಿಗೇನಾದ್ರೂ ರಕ್ತ ತಾಗಿತಾ?" ಎಂದು ಕೇಳುತ್ತಿದ್ದ ದನಿಯೂ ಇಷ್ಟೇ ಶಾಂತವಾಗಿರುತ್ತಿತ್ತು.

ಅವನ ಮುಂದಿನ ತಟ್ಟೆಯನ್ನು ಎತ್ತಿದಳು. ಇನ್ನೂ ಅರ್ಧ ಉಳಿದಿತ್ತು.

"ಏಯ್, ತಿಂತಾ ಇದೀನಿ!"

"ನಿನ್ನ ಹೆಸರೂ ನನ್ನ ಅಡುಗೆಮನೆ ಪುಸ್ತಕದಲ್ಲಿ ಇಲ್ಲ" ಎಂದು ಉಳಿದದ್ದನ್ನು ಕಸದ ಡಬ್ಬಿಗೆ ಸುರಿದಳು.

ಆಗಸ್ಟಿನ ಮೊದಲ ಶನಿವಾರ ಬಂತು. ಹತ್ತೂವರೆಗೆ ತಂಡದವರು ಅಡುಗೆಮನೆಗೆ ಬಂದರೆ ಒಲೆ ತಣ್ಣಗಿತ್ತು. ಮೇಜಿನ ಮೇಲೆ ಕಪ್ಪುಗಳಿರಲಿಲ್ಲ. ಥೆಲ್ಮಾ ಹಿತ್ತಲಲ್ಲಿ ಬಿಸಿಲಿಗೆ ಕುರ್ಚಿ ಹಾಕಿಕೊಂಡು, ಪೂರ್ತಿ ಬಟ್ಟೆ ತೊಟ್ಟು, ಒಂದೇ ಒಂದು ಕಪ್ಪು ಚಹಾ ಹಿಡಿದು ಪೇಪರು ಓದುತ್ತಿದ್ದಳು.

ರೇಮಂಡ್ ಹಿಂಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಹೇಳಿದ, "ಥೆಲ್ಮಾ, ಎಲ್ಲ ಬಂದಿದಾರೆ."

"ಬರ್ಲಿ."

"ನೀನು ಬಟ್ಟೆ ಬದಲಾಯಿಸ್ಬೇಕಲ್ಲ."

"ಹೆಣ ರಜೆಯಲ್ಲಿದೆ."

"ಬಟಾಣಿ ಕಾಣ್ತಿಲ್ಲ."

"ಬೇಯಿಸಿ ತಿಂದ್ವಿ. ನೀನೂ ತಿಂದೆ, ಮಂಗಳವಾರ, ಮೀನಿನ ಜೊತೆ. ಚೆನ್ನಾಗಿದೆ ಅಂದೆ." ಹಾಳೆ ಮಗುಚಿದಳು. "ಐಸೂ ಕಟ್ಟಿಲ್ಲ. ಫ್ರೀಜರು ನಂದು, ಇನ್ಮೇಲೆ ಅದರಲ್ಲಿ ನನ್ನ ಸಾಮಾನು ಇರುತ್ತೆ. ನಿಮಗೆ ಬೇಕಾದ ಐಸು ನಿಮ್ಮ ತಂಡ ನೋಡ್ಕೊಳ್ಳಿ. ನಾನು ತಂಡದಲ್ಲಿ ಇಲ್ವಲ್ಲ."

ಆ ವರ್ಷ ತರಬೇತಿ ಕೊಡಲು ಬರುತ್ತಿದ್ದವಳು ಕರ್ಸ್ಟಿ. ಸರ್ಕಾರಿ ಆಂಬುಲೆನ್ಸಿನಲ್ಲಿ ಹತ್ತು ವರ್ಷ ದುಡಿದ, ಮೂವತ್ತೆರಡರ ಗಟ್ಟಿ ಹೆಂಗಸು. ಪಾಠ ಹೇಳಲು ಬಂದವಳನ್ನೂ ಗ್ಯಾರೆತ್ ಮೊದಲ ದಿನ "ಕಂದಾ, ಆ ಬಿಸ್ಕತ್ತು ಈ ಕಡೆ ದಾಟಿಸು" ಎಂದಿದ್ದ. ಅವಳು ರೇಮಂಡ್‌ನ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಂಡು ಗ್ಯಾರೇಜಿಗೆ ಹೋದಳು.

ರೇಮಂಡ್ ಪೆಟ್ರೋಲ್ ಬಂಕಿಗೆ ಹೋಗಿ ಹತ್ತು ಚೀಲ ಮಂಜುಗಡ್ಡೆ ತಂದ. ಮಲಗಲು ಯಾರೂ ಒಪ್ಪಲಿಲ್ಲವಾಗಿ ಅಟ್ಟದಿಂದ ಗೊಂಬೆ ಇಳಿಯಿತು. ಕರ್ಸ್ಟಿ ಒಂದು ಬಿಸಿನೀರಿನ ಚೀಲ ಕೇಳಿ ತರಿಸಿಕೊಂಡಳು. ಥೆಲ್ಮಾ ಚಳಿಗಾಲದಲ್ಲಿ ಕಾಲ ಬಳಿ ಇಟ್ಟುಕೊಳ್ಳುವ ಚೀಲ. ಅದಕ್ಕೆ ಮೈಬಿಸಿಯಷ್ಟು ನೀರು ತುಂಬಿ, ಒಳಗೆ ಉಷ್ಣಮಾಪಕದ ತಂತಿ ಇಳಿಬಿಟ್ಟು, ಗೊಂಬೆಯ ಹಿಂಗತ್ತಿಗೆ ಕಟ್ಟಿದಳು.

"ಈಗ ತಣ್ಣಗೆ ಮಾಡಿ ನೋಡೋಣ. ಹತ್ತು ನಿಮಿಷ."

ಗ್ಯಾರೆತ್ ವಿವರಣೆ ಕೊಡುತ್ತ ಚೀಲ ಒಡೆದು ತುಂಡುಗಳನ್ನು ಸುರಿದ. ಅವು ಗಲಗಲ ಸದ್ದು ಮಾಡುತ್ತ ಗೊಂಬೆಯ ಎದೆಯ ಮೇಲೆ, ಕಾಲಿನ ಮೇಲೆ ತೇಲಾಡಿದವು. ಹತ್ತು ನಿಮಿಷ ಆಯಿತು.

"ಮೂರು ಡಿಗ್ರಿ ಇಳಿದಿದೆ," ಎಂದಳು ಕರ್ಸ್ಟಿ. "ಅಷ್ಟೇ. ಇದು ನಿಜವಾದ ಮನುಷ್ಯ ಆಗಿದ್ರೆ ಕಾಲು ತಣ್ಣಗಾಗಿರೋದು, ತಲೆ ಬೆಚ್ಚಗಿರೋದು. ಕಾಲಲ್ಲಿ ಯೋಚನೆ ಮಾಡೋರು ಇದ್ರೆ ಪರವಾಗಿಲ್ಲ." ಆಮೇಲೆ ಹಿತ್ತಲ ಕಡೆ ತಿರುಗಿ ಕೂಗಿದಳು. "ಥೆಲ್ಮಾ ಅವರೇ, ಒಂದ್ನಿಮಿಷ ಬರ್ತೀರಾ? ಟೀಗಲ್ಲ."

ಥೆಲ್ಮಾ ಬಂದಳು. ತೊಟ್ಟಿ ನೋಡಿದಳು. ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಬಿಸಿನೀರಿನ ಚೀಲವನ್ನು ಹೊಸದಾಗಿ ತುಂಬಿಸಿ ಕಟ್ಟಲು ಕರ್ಸ್ಟಿಗೆ ಹೇಳಿ, ತಾನು ಉಳಿದ ಮಂಜಿನ ಚೀಲಗಳನ್ನು ನೆಲಕ್ಕೆ ಹಾಕಿ ರೇಮಂಡ್‌ನ ಮರದ ಸುತ್ತಿಗೆ ಎತ್ತಿಕೊಂಡಳು. ಒಂದೊಂದು ಏಟಿಗೂ ಗ್ಯಾರೇಜಿನ ತಗಡು ಅದುರಿತು. ಆ ಏಟುಗಳಲ್ಲಿ ಕೆಲವು ಮಂಜುಗಡ್ಡೆಗೆ ಬೇಕಾದ್ದಕ್ಕಿಂತ ಜೋರಾಗಿದ್ದವು. ನಾರ್ಮನ್ ಒಂದು ಹೆಜ್ಜೆ ಹಿಂದೆ ಸರಿದ.

"ತುಂಡು ಐಸು ಮೀನಿಗೆ ತಾಗೋದು ಮೂಲೆಯಲ್ಲಿ ಮಾತ್ರ," ಏದುಸಿರಿನ ನಡುವೆ ಹೇಳಿದಳು. "ಮಿಕ್ಕಿದ್ದೆಲ್ಲ ಗಾಳಿ. ಪುಡಿ ಮಾಡ್ಬೇಕು. ನೀರು ಸೇರಿಸಿ ಗಂಜಿ ಹಾಗೆ ಮಾಡ್ಬೇಕು. ಆಗ ಅದು ಎಲ್ಲ ಕಡೆ ಹೊಕ್ಕು ತಬ್ಬಿ ಹಿಡಿಯುತ್ತೆ. ಮೊದಲು ಕೆಳಗೆ ಹಾಸಿಗೆ, ಆಮೇಲೆ ಮೇಲೆ ಹೊದಿಕೆ. ಹದಿನೈದು ವರ್ಷದ ಹುಡುಗಿಗೆ ಮೊದಲ ದಿನ ಹೇಳ್ಕೊಡೋದೇ ಇದು."

"ಇದು ಹ್ಯಾಡಕ್ ಅಲ್ವಲ್ಲ..." ಎಂದ ಗ್ಯಾರೆತ್.

"ಅಲ್ಲ. ಹ್ಯಾಡಕ್ ಹಾಳಾದ್ರೆ ಇನ್ನೊಂದು ಸಿಗುತ್ತೆ."

ಪುಡಿಮಂಜನ್ನು ಒಂದು ದಿಂಬಿನ ಚೀಲಕ್ಕೆ ತುಂಬಿ ಗೊಂಬೆಯ ಹಿಂಗತ್ತಿನ ಕೆಳಗೆ ತೂರಿಸಿ, ಎರಡೂ ಅಂಗೈಗಳಿಂದ ಒತ್ತಿ ಹಿಡಿದಳು. ಹತ್ತು ನಿಮಿಷ ಕೈ ತೆಗೆಯಲಿಲ್ಲ.

"ಹನ್ನೆರಡು ಡಿಗ್ರಿ" ಎಂದಳು ಕರ್ಸ್ಟಿ.

ಯಾರೂ ನಗಲಿಲ್ಲ. ಕರ್ಸ್ಟಿ ಹಾಜರಿ ಪುಸ್ತಕ ತೆಗೆದು ಥೆಲ್ಮಾಳ ಹೆಸರು ಬರೆದಳು. "ಆದ್ರೆ ಎಂಟು ಸಲ..." ಎಂದ ರೇಮಂಡ್.

"ಅರವತ್ತೊಂದು ಸಲ ತೊಟ್ಟಿಯೊಳಗೆ ಮಲಗಿ ನಿಮ್ಮ ಒಂದೊಂದು ತಪ್ಪನ್ನೂ ಮೈಮೇಲೆ ಅನುಭವಿಸಿದಾರೆ," ಎಂದಳು ಕರ್ಸ್ಟಿ. "ಈ ಗ್ಯಾರೇಜಲ್ಲಿ ಅವರಷ್ಟು ಹಾಜರಿ ಯಾರದೂ ಇಲ್ಲ. ಪ್ರಮಾಣಪತ್ರಕ್ಕೆ ಸಹಿ ಮಾಡೋಳು ನಾನು, ಮಾಡ್ತಾ ಇದೀನಿ."

"ಸರಿ, ಸರಿ. ಪಟ್ಟಿ ತಿದ್ದಿ ಸೋಮವಾರ ಕಳಿಸ್ತೀನಿ" ಎಂದ ರೇಮಂಡ್.

ಥೆಲ್ಮಾ ಆ ಮಾತನ್ನು ನಂಬಿದಳು. ಕೈ ಒರೆಸಿಕೊಂಡು ಹಿತ್ತಲಿಗೆ ಹೋದಳು. ಚಹಾ ಆರಿತ್ತು. ಆ ದಿನದ ಟವೆಲುಗಳನ್ನು ಅವಳು ಮುಟ್ಟಲಿಲ್ಲ. ಅವು ಗ್ಯಾರೇಜಿನ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದು, ಮೂರನೆಯ ದಿನಕ್ಕೆ ಮುಗ್ಗಿ, ವಾರಕ್ಕೆ ಹಸಿರು ಹಿಡಿದವು. ರೇಮಂಡ್ ಅವುಗಳನ್ನು ದಾಟಿಕೊಂಡು ಓಡಾಡಿದ.

ಆದರೆ ಅವಳ ಸಿಟ್ಟು ಗಂಡನ ಮೇಲೆ, ಮಿಸ್ ಮೇಲಲ್ಲ. ಆ ವಾರವೇ ಅವಳು ಬಂದರಿಗೆ ಹೋಗಿ, ತನ್ನ ಜೊತೆ ಮೀನು ಸೀಳುತ್ತಿದ್ದು ಈಗ ಮಂಜಿನ ಕಾರ್ಖಾನೆಯ ಕೀಲಿ ಇಟ್ಟುಕೊಂಡಿರುವ ಲಿಂಡಾಳನ್ನು ಕಂಡಳು.

"ಯಾವ ದಿನ ಅಂತ ಹೇಳಕ್ಕಾಗಲ್ಲ. ಫೋನ್ ಮಾಡಿದ ಕೂಡ್ಲೇ ಪುಡಿ ಐಸು ಬೇಕು. ಹತ್ತು ಪೆಟ್ಟಿಗೆ."

"ಯಾರಿಗೆ?"

"ಮಿಸ್ ಆಪಲ್‌ಯಾರ್ಡ್‌ಗೆ."

"ಆಫ್ರಿಕಾದ ನದಿ ಮಿಸ್ಸಾ?" ಲಿಂಡಾ ಸಿಗರೇಟು ತುಳಿದು ಆರಿಸಿದಳು. "ನನಗೆ ಬೆತ್ತದಲ್ಲಿ ಹೊಡೆಯದ ಒಬ್ಬಳೇ ಟೀಚರು. ಭಾನುವಾರ ಆದ್ರೂ ಬಾಗಿಲು ತೆಗೀತೀನಿ, ಹೋಗು."

ಕರೆ ಬಂದದ್ದು ಆಗಸ್ಟಿನ ಕೊನೆಯ ಸೋಮವಾರ, ದೇಶಕ್ಕೆಲ್ಲ ರಜೆಯ ದಿನ, ಮಧ್ಯಾಹ್ನ ಹನ್ನೆರಡೂವರೆಗೆ. ಉಸಿರು ಬದಲಾಗಿದೆ, ಹೆಚ್ಚು ಹೊತ್ತಿಲ್ಲ ಎಂದಳು ನರ್ಸು. ಕ್ಲೀಥೋರ್ಪ್ಸ್‌ನ ಕಡಲ ದಂಡೆಯ ತುಂಬ ಜನ, ರಸ್ತೆಯ ತುಂಬ ಕಾರು. ಬಿಸಿಲೆಂದರೆ ಡಾಂಬರು ಮೆತ್ತಗಾಗುವಷ್ಟು. ಕರ್ಸ್ಟಿ ಊರಲ್ಲೇ ಇದ್ದಳು. ನಾರ್ಮನ್ ಹಿಂದಿನ ದಿನವೇ ಬಂದು ತಂಗಿದ್ದ. ಗ್ಯಾರೆತ್ ಹೊರಟು ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ.

ರೇಮಂಡ್ ಫ್ರೀಜರಿನ ಬಾಗಿಲು ತೆಗೆದು ನಿಂತ. ಹ್ಯಾಡಕ್, ಬಟಾಣಿ, ಎರಡು ಬ್ರೆಡ್ಡು. ಹೇಳಿದ್ದನ್ನು ಕೇಳಿಸಿಕೊಂಡಿದ್ದ, ತಲೆಗೆ ಹೋಗಿರಲಿಲ್ಲ. ಪೆಟ್ರೋಲ್ ಬಂಕಿಗೆ ಓಡಿದ. ಇಲ್ಲ. ಎರಡು ದೊಡ್ಡ ಅಂಗಡಿಗೆ ಹೋದ. ಬಿಯರು ತಣ್ಣಗೆ ಮಾಡಲು ಬಂದವರು ಬೆಳಿಗ್ಗೆಯೇ ಕೊನೆಯ ಚೀಲದ ತನಕ ಒಯ್ದಿದ್ದರು. ಅವನು ಬೆವರಿಳಿಸುತ್ತ ಬರಿಗೈಯಲ್ಲಿ ಆರೈಕೆ ಮನೆ ಮುಟ್ಟುವ ಹೊತ್ತಿಗೆ, ಹಿಂಬಾಗಿಲಲ್ಲಿ ಮೀನಿನ ವ್ಯಾನು ನಿಂತಿತ್ತು. ಲಿಂಡಾ ಪೆಟ್ಟಿಗೆ ಇಳಿಸುತ್ತಿದ್ದಳು. ಥೆಲ್ಮಾ ಬಿಳಿ ಗಮ್‌ಬೂಟು ಹಾಕಿಕೊಂಡು ಪೆಟ್ಟಿಗೆಗಳನ್ನು ಗಾಡಿಗೆ ಏರಿಸುತ್ತಿದ್ದಳು.

"ದೇವ್ರೇ, ಥೆಲ್ಮಾ," ಎಂದ ರೇಮಂಡ್. ಕಣ್ಣಲ್ಲಿ ನೀರೇ ಬಂದಿತ್ತು. "ನೀನಿಲ್ಲದಿದ್ರೆ ಏನು ಗತಿ!"

ಕಾರಿಡಾರಿನಲ್ಲಿ ಮುಖ್ಯ ನರ್ಸು ಪಟ್ಟಿ ಹಿಡಿದು ನಿಂತಿದ್ದಳು. "ಇನ್ನೂ ಉಸಿರಾಡ್ತಿದಾರೆ. ನಾನು ಹೇಳೋವರೆಗೂ ಯಾರೂ ಮುಟ್ಟೋ ಹಾಗಿಲ್ಲ. ಹೆಸರು ಹೇಳಿ."

ರೇಮಂಡ್ ಹೇಳಿದ. ನಾರ್ಮನ್ ಹೇಳಿದ. ಕರ್ಸ್ಟಿ ಹೇಳಿದಳು.

"ಥೆಲ್ಮಾ ಬೋರಿಲ್."

ನರ್ಸು ಬೆರಳಾಡಿಸಿದಳು. "ಇಲ್ವಲ್ಲಮ್ಮಾ. ನಾಲ್ಕನೇದು ಗ್ಯಾರೆತ್ ಅಂತಿದೆ."

ಥೆಲ್ಮಾ ಗಂಡನ ಕಡೆ ತಿರುಗಿದಳು. ಗಾಡಿಯ ಮೇಲಿನ ಪೆಟ್ಟಿಗೆಗಳಿಂದ ತೊಟ್ಟಿಕ್ಕುವ ನೀರಿನ ಸದ್ದು ಕೇಳುತ್ತಿತ್ತು.

"ಮರ್ತೇಹೋಯ್ತು ಕಣೇ," ಎಂದ ಅವನು. "ಸೋಮವಾರ ಕಳಿಸ್ಬೇಕು ಅಂತಿದ್ದೆ, ಆಮೇಲೆ ಆ ತೊಟ್ಟಿ ಪಂಪು ಕೆಟ್ಟಿತ್ತಲ್ಲ... ಐಸು ಇಲ್ಲೇ ಇಡು, ನಾವು ಒಳಗೆ ತಗೊಂಡು ಹೋಗ್ತೀವಿ. ಗ್ಯಾರೆತ್ ಇನ್ನೇನು ಬಂದ್ಬಿಡ್ತಾನೆ."

ಥೆಲ್ಮಾಳಿಗೆ ಕೂಗಬೇಕೆನಿಸಿತು. ಪೆಟ್ಟಿಗೆಯೆತ್ತಿ ಅವನ ತಲೆಗೆ ಸುರಿಯಬೇಕೆನಿಸಿತು. ಗಾಡಿಯನ್ನು ವಾಪಸು ತಳ್ಳಿಕೊಂಡು ಹೋಗಬೇಕೆಂದೂ ಒಂದು ಗಳಿಗೆ ಅನಿಸಿತು. ಆಗ ತೆರೆದ ಬಾಗಿಲಿನಿಂದ ಮಿಸ್ ಉಸಿರಿನ ಸದ್ದು ಕೇಳಿಸಿತು, ಮರಳ ಮೇಲೆ ದೋಣಿ ಎಳೆದ ಹಾಗೆ. ಥೆಲ್ಮಾ ರೇಮಂಡ್‌ನ ಅಂಗಿ ಜೇಬಿನಿಂದ ಪೆನ್ನು ಎಳೆದುಕೊಂಡಳು. ನರ್ಸಿನ ಕೈಯ ಪಟ್ಟಿಯಲ್ಲಿ ನಾಲ್ಕನೆಯ ಹೆಸರನ್ನು ಹೊಡೆದು, ಪಕ್ಕದಲ್ಲಿ ತನ್ನದನ್ನು ಬರೆದು, ಪೆನ್ನನ್ನು ಅವನ ಮೂಗಿನ ಮುಂದೆ ಹಿಡಿದಳು.

"ಸಹಿ ಮಾಡು."

"ಥೆಲ್ಮಾ, ಇದು ಕ್ರಮ ಅಲ್ಲ."

"ನಿನ್ನ ಕೈಯಲ್ಲಿ ಅರವತ್ತೊಂದು ಸಲ ಸತ್ತಿದೀನಿ ರೇಮಂಡ್. ಕ್ರಮ ನನಗೆ ಹೇಳ್ಕೊಡ್ಬೇಡ."

ದನಿ ಏರಿರಲಿಲ್ಲ. ಲಿಂಡಾ ಹಿಂದೆ ತೋಳು ಕಟ್ಟಿ ನಿಂತಿದ್ದಳು. ಕರ್ಸ್ಟಿ ತನ್ನ ಚೀಲದಿಂದ ಪ್ರಮಾಣಪತ್ರದ ಪ್ರತಿ ತೆಗೆದು ನರ್ಸಿಗೆ ತೋರಿಸಿದಳು. ನರ್ಸು ರೇಮಂಡ್‌ನನ್ನು ನೋಡಿ, "ನಿಮ್ಮ ಸಹಿ ಇದ್ರೆ ನನ್ನ ಅಭ್ಯಂತರ ಇಲ್ಲ. ಬೇಗ" ಎಂದಳು. ಅವನು ಗೋಡೆಗೆ ಹಾಳೆ ಒತ್ತಿಟ್ಟು ಸಹಿ ಮಾಡಿದ.

ಥೆಲ್ಮಾ ಮಿಸ್ ತಲೆಯ ಕಡೆ ಹೋಗಿ ನಿಂತಳು. ಮಿಸ್ ಕಣ್ಣು ಅರ್ಧ ತೆರೆದಿತ್ತು, ಏನನ್ನೂ ನೋಡುತ್ತಿರಲಿಲ್ಲ. ಥೆಲ್ಮಾ ಬಗ್ಗಿ ಕಿವಿಯ ಹತ್ತಿರ ಹೇಳಿದಳು, "ಹಾಜರ್, ಮಿಸ್."

ಕೇಳಿಸಿತೋ ಇಲ್ಲವೋ. ಎರಡು ಗಂಟೆ ಹತ್ತು ನಿಮಿಷಕ್ಕೆ ಉಸಿರು ನಿಂತಿತು. ನರ್ಸು ಕಾದಳು, ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿದಳು, ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು, ಗಡಿಯಾರ ನೋಡಿ ಬರೆದುಕೊಂಡಳು. ಆಮೇಲೆ ತಲೆಯಾಡಿಸಿ ಹಿಂದೆ ಸರಿದಳು.

ನಾರ್ಮನ್ ತಂದು ಬಿಡಿಸಿದ್ದ ತೊಟ್ಟಿಯ ತಳಕ್ಕೆ ಥೆಲ್ಮಾ ಆಗಲೇ ಮಂಜಿನ ಹಾಸಿಗೆ ಹಾಸಿದ್ದಳು. ನಾಲ್ವರೂ ಎತ್ತಿದರು. ಮಿಸ್ ಒಂದು ಒಗೆದ ಬಟ್ಟೆಯಷ್ಟೂ ಭಾರವಿರಲಿಲ್ಲ. ಕರ್ಸ್ಟಿ ಯಂತ್ರ ಕಟ್ಟಿದಳು, ನಾರ್ಮನ್ ಔಷಧಿ ಎತ್ತಿಕೊಟ್ಟ, ರೇಮಂಡ್ ತೊಟ್ಟಿಯ ತಣ್ಣೀರನ್ನು ಮೈಮೇಲೆ ಹರಿಸುವ ಪಂಪಿಗೆ ಕೂತ. ಥೆಲ್ಮಾ ಪುಡಿಮಂಜಿನ ಚೀಲವನ್ನು ಹಿಂಗತ್ತಿನ ಕೆಳಗೆ ತೂರಿಸಿ ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಳು. ಯಂತ್ರ ಎದೆ ಒತ್ತಿದಾಗೆಲ್ಲ ತಲೆ ಅಲುಗುತ್ತಿತ್ತು. ಚೀಲ ಅಲುಗಲಿಲ್ಲ.

ಪಂಪಿನ ಕೊಳವೆ ಚಿಮ್ಮಿ ನೆಲವೆಲ್ಲ ನೀರಾಯಿತು. ರೇಮಂಡ್ ಜಾರಿ, ಸಾವರಿಸಿಕೊಂಡು, ಅತ್ತಿತ್ತ ನೋಡಿದ. "ಥೆಲ್ಮಾ, ಟವೆಲ್ಲು?"

ಅವಳು ತಲೆ ಎತ್ತಲಿಲ್ಲ. "ಪಟ್ಟಿಯಲ್ಲಿ ನೋಡು."

ರೇಮಂಡ್ ಒದ್ದೆ ಕೈಯಲ್ಲೇ ಪಟ್ಟಿ ಬಿಡಿಸಿದ. ಮೊದಲ ಸಾಲಿನಿಂದ ತೊಂಬತ್ತನೆಯ ಸಾಲಿನ ತನಕ ಬೆರಳಿಟ್ಟು ಹುಡುಕಿದ. ಮತ್ತೆ ಮೇಲಿನಿಂದ ಶುರು ಮಾಡಿದ. ಕೊನೆಗೆ ತನ್ನ ಅಂಗಿ ಬಿಚ್ಚಿ, ಮೊಣಕಾಲೂರಿ, ನೆಲ ಒರೆಸತೊಡಗಿದ.

"ಏಳು ಡಿಗ್ರಿ ಇಳಿದಿದೆ, ಕತ್ತಿನ ಹತ್ತಿರ," ಎಂದಳು ಕರ್ಸ್ಟಿ. "ಇಳೀತಾ ಇದೆ. ನಿಮ್ಮ ಕೈ ಸೋತಿದ್ರೆ ನಾರ್ಮನ್ ಹಿಡ್ಕೋತಾರೆ."

ಬೆರಳ ತುದಿಗಳು ಬಿಳಿಚಿ ಮರಗಟ್ಟಿದ್ದವು. ಮೂವತ್ತೊಂದು ವರ್ಷ ಯಾರಯಾರದೋ ಊಟದ ತಟ್ಟೆಗೆಂದು ಮರಗಟ್ಟಿದ ಬೆರಳುಗಳು.

"ಬೇಡ" ಎಂದಳು ಥೆಲ್ಮಾ. ಉಗ್ರಾಣಕ್ಕೆ ಒಯ್ಯಲು ಬಂದ ಆಂಬುಲೆನ್ಸಿನೊಳಗೆ, ಬಾಗಿಲು ಹಾಕಿದ ಮೇಲೂ ಕೈ ತೆಗೆಯಲಿಲ್ಲ.